ಅತ್ತಿಗೆ ನೀರು ನಿಲ್ಲಿಸಿದ ಬೆಳಿಗ್ಗೆ

ನನ್ನ ಅತ್ತಿಗೆಯನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಸಿಟ್ಟು. ಸಿಟ್ಟು ಎನ್ನುವುದಕ್ಕಿಂತ ಕಿರಿಕಿರಿ ಎನ್ನಬೇಕು. ನಾನು ಹತ್ತು ಮಾತಾಡಿದರೆ ಅವರದು ಒಂದು ಹೂಂ. ಆ ಹೂಂ ಕೂಡ ಹಿಂದೆ ಮುಂದೆ ಯೋಚಿಸಿಯೇ ಹೊರಗೆ ಬರುತ್ತಿತ್ತು. ಅಮ್ಮ ಇದ್ದಾಗ ಅವರಿಗೆ ಮೌನಗೌರಿ ಎಂದು ಹೆಸರಿಟ್ಟಿದ್ದಳು. ಗ್ಯಾಸ್ ಆರಿಸಿ, ಆರಿಸಿದೆನೋ ಇಲ್ಲವೋ ಎಂದು ಮತ್ತೆ ಅಡುಗೆಮನೆಗೆ ಹೋಗಿ ನೋಡಿ, ಬಾಗಿಲಿಗೆ ಬೀಗ ಹಾಕಿ, ಬೀಗ ಎಳೆದು ನೋಡಿ, ಮೆಟ್ಟಿಲಿಳಿದ ಮೇಲೂ ಒಮ್ಮೆ ತಿರುಗಿ ನೋಡುವ ಹೆಂಗಸು. ಅವರ ಜೊತೆ ಸಿನಿಮಾಕ್ಕೆ ಹೊರಟರೆ ಅರ್ಧ ಕಥೆ ಪಕ್ಕದವರನ್ನು ಕೇಳಿ ತಿಳಿದುಕೊಳ್ಳಬೇಕು. ಇಂಥವರು ಊರಿಗೆಲ್ಲ ತಪ್ಪು ನೀರು ಬಿಟ್ಟರು ಎಂದರೆ ಯಾರು ನಂಬುತ್ತಾರೆ? ಆದರೆ ಬಿಟ್ಟರು. ಆ ನೀರು ನನ್ನ ಅಣ್ಣನ ರಕ್ತದವರೆಗೂ ಬಂತು.

ಅತ್ತಿಗೆ ಕೆಲಸ ಮಾಡುವುದು ಊರಾಚೆಯ ನೀರು ಶುದ್ಧೀಕರಣ ಘಟಕದಲ್ಲಿ. ಜನ ಅದನ್ನು ಪಂಪ್‌ಹೌಸ್ ಅನ್ನುತ್ತಾರೆ. ಮೊದಲು ಅವರು ಕಂಪ್ಯೂಟರ್ ತರಗತಿಯೊಂದರಲ್ಲಿ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಿದ್ದರು. ಮಕ್ಕಳು ಬರುವುದು ಕಡಿಮೆಯಾಗಿ ಆ ತರಗತಿ ಬಾಗಿಲು ಹಾಕಿತು, ಇವರು ಇಲ್ಲಿಗೆ ಸೇರಿದರು. ಜಲಾಶಯದ ನೀರು ದೊಡ್ಡ ತೊಟ್ಟಿಗಳಲ್ಲಿ ತಿಳಿಯಾಗಿ, ಮರಳಿನಲ್ಲಿ ಸೋಸಿ ಬಂದ ಮೇಲೆ ಕೊನೆಗೆ ಅದಕ್ಕೆ ಕ್ಲೋರಿನ್ ಅನಿಲ ಬೆರೆಸುತ್ತಾರೆ. ಎಷ್ಟು ಬೆರೆಸಬೇಕು ಎನ್ನುವುದೇ ಅಲ್ಲಿನ ನಾಜೂಕು ಕೆಲಸ. ಕಡಿಮೆಯಾದರೆ ಊರಿಗೆ ಹೊಟ್ಟೆನೋವು, ಜಾಸ್ತಿಯಾದರೆ ನೀರಿಗೆ ಔಷಧದ ವಾಸನೆ. ನೀರಿನಲ್ಲಿ ಮುಳುಗಿಸಿಟ್ಟ ಒಂದು ಮೀಟರು ಕ್ಲೋರಿನ್ ಎಷ್ಟಿದೆ ಎಂದು ಹೇಳುತ್ತದೆ. ಅದನ್ನು ಕಂಪ್ಯೂಟರಿನಲ್ಲಿರುವ ಪ್ರೋಗ್ರಾಮು ಓದಿ, ಕಡಿಮೆ ಕಂಡರೆ ಅನಿಲದ ವಾಲ್ವನ್ನು ತುಸು ತೆರೆಯುತ್ತದೆ, ಜಾಸ್ತಿ ಕಂಡರೆ ಮುಚ್ಚುತ್ತದೆ. ಆ ಪ್ರೋಗ್ರಾಮು ಬರೆದವರು ನಮ್ಮ ಅತ್ತಿಗೆ. ವರ್ಷಾನುಗಟ್ಟಲೆ ಅದು ಚಕಾರವೆತ್ತದೆ ಕೆಲಸ ಮಾಡಿತ್ತು. ಬರೆದವರ ಸ್ವಭಾವವೇ ಅದಕ್ಕೂ ಬಂದಿದೆ ಎಂದು ನಾನು ಹಾಸ್ಯ ಮಾಡುತ್ತಿದ್ದೆ.

ಅಣ್ಣ ಅವರಿಗೆ ಪೂರ್ತಿ ತದ್ವಿರುದ್ಧ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದವನು. ಪಕ್ಕದ ಸೀಟಿನಲ್ಲಿ ಕೂತು ಊರಿನ ಅರ್ಧ ಜನಕ್ಕೆ ಕ್ಲಚ್ಚು ಬ್ರೇಕು ಹೇಳಿಕೊಟ್ಟವನು, ಬಾಯಿಗೆ ಬಿಡುವಿಲ್ಲದವನು. ಅವನ ಎರಡೂ ಕಿಡ್ನಿಗಳು ಕೈಕೊಟ್ಟ ಮೇಲೆ ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಅತ್ತಿಗೆಯ ಡ್ಯೂಟಿ ಬೆಳಗಾಗುತ್ತಲೇ ಶುರುವಾಗುವುದರಿಂದ ಅವನನ್ನು ಕರೆದುಕೊಂಡು ಹೋಗುವವಳು ನಾನು. ನಾನು ಅಂಚೆ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂರುವವಳು, ರಜೆಯೆಲ್ಲ ಇದಕ್ಕೇ ಆಗುತ್ತದೆ.

ಡಯಾಲಿಸಿಸ್ ಎಂದರೆ ರಕ್ತ ತೊಳೆಯುವುದು ಎಂದಷ್ಟೇ ಜನಕ್ಕೆ ಗೊತ್ತು. ಅದಕ್ಕೆ ಪೀಪಾಯಿಗಟ್ಟಲೆ ನೀರು ಬೇಕು ಎನ್ನುವುದು ಅಲ್ಲಿ ಕೂತು ನೋಡಿದವರಿಗೇ ಗೊತ್ತು. ಯಂತ್ರದೊಳಗೆ ತೆಳುವಾದ ಪೊರೆಯ ಒಂದು ಬದಿಗೆ ರಕ್ತ, ಇನ್ನೊಂದು ಬದಿಗೆ ನೀರು. ಆ ನೀರು ಬರುವುದು ಊರಿನ ನಲ್ಲಿಯಿಂದಲೇ. ಆಸ್ಪತ್ರೆಯವರು ಅದನ್ನು ಇದ್ದಿಲಿನ ಫಿಲ್ಟರಿನಲ್ಲಿ ಹಾಯಿಸಿ ಕ್ಲೋರಿನ್ ತೆಗೆಯುತ್ತಾರೆ. ಕ್ಲೋರಿನ್ ಹೊಟ್ಟೆಗೆ ಹೋದರೆ ಏನೂ ಆಗದಿರಬಹುದು, ರಕ್ತಕ್ಕೆ ತಾಗಿದರೆ ರಕ್ತದ ಕಣಗಳು ಒಡೆದು ಹೋಗುತ್ತವೆ, ಪ್ರಾಣಕ್ಕೇ ಸಂಚಕಾರ. ಇದನ್ನು ನನಗೆ ಹೇಳಿದವರು ಅತ್ತಿಗೆಯೇ. ಗಂಡನಿಗೆ ಈ ಕಾಯಿಲೆ ಬಂದ ಮೇಲೆ ಅವರು ಆ ಮೀಟರನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು.

ಆ ವಾರ ನಮ್ಮ ಗ್ರಹಚಾರ ನೆಟ್ಟಗಿರಲಿಲ್ಲ. ವಾರ್ಡಿನ ಯಂತ್ರವೊಂದು ಕೆಟ್ಟು ಅಣ್ಣನ ಒಂದು ಸರದಿ ತಪ್ಪಿತು. ಅವನ ಕಾಲುಗಳು ಊದಿಕೊಂಡವು, ಮುಖ ಊದಿತು, ಮಲಗಿದರೆ ಉಸಿರಾಡಲು ಆಗದೆ ಗೋಡೆಗೆ ಒರಗಿ ಕೂತೇ ಇರುತ್ತಿದ್ದ. ಮುಂದಿನ ಸರದಿ ತಪ್ಪುವ ಹಾಗೇ ಇಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಇತ್ತ ಪಂಪ್‌ಹೌಸಿನ ಹಳೆಯ ಕಂಪ್ಯೂಟರು ಅದೇ ಹೊತ್ತಿಗೆ ಕಣ್ಣು ಮುಚ್ಚಿತು. ಓವರ್‌ಹೆಡ್ ಟ್ಯಾಂಕಿನಲ್ಲಿದ್ದ ನೀರಿನಲ್ಲಿ ಊರು ಒಂದು ಹಗಲು ತಳ್ಳಬಹುದಿತ್ತು, ಅಷ್ಟೆ. ಅಲ್ಲಿನ ಇಂಜಿನಿಯರು ಎಲ್ಲಿಂದಲೋ ಹೊಸ ಕಂಪ್ಯೂಟರು ತರಿಸಿ ಅತ್ತಿಗೆಯ ಮುಂದಿಟ್ಟು, ಸಂಜೆಯೊಳಗೆ ಇದು ಓಡಬೇಕು ಎಂದರು. ಹಿಂದೆ ಅನಿಲಕ್ಕೆ ಕೈಯಿಂದ ತಿರುಗಿಸುವ ವಾಲ್ವೊಂದಿತ್ತು. ಕಂಪ್ಯೂಟರು ಬಂದ ಮೇಲೆ ಇದ್ಯಾಕೆ ಎಂದು ಅದನ್ನು ಯಾವತ್ತೋ ಕಿತ್ತು ಹಾಕಿದ್ದರು.

ಹೊಸ ಕಂಪ್ಯೂಟರಿನಲ್ಲಿ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಬೇಕು, ಅಂದರೆ ಬರೆದದ್ದನ್ನು ಆ ಯಂತ್ರದ ಭಾಷೆಗೆ ತಿರುಗಿಸಬೇಕು. ಅತ್ತಿಗೆ ತಮ್ಮ ಫೋಲ್ಡರುಗಳನ್ನೆಲ್ಲ ಅದಕ್ಕೆ ತುಂಬಿ, ಎಂದಿನ ಕಮಾಂಡು ಕೊಟ್ಟರು. ಒಂದು ತಪ್ಪೂ ತೋರಿಸದೆ, ಒಂದು ಎಚ್ಚರಿಕೆಯನ್ನೂ ಕೊಡದೆ ಒಂದೇ ಏಟಿಗೆ ಆಯಿತು. ಪರದೆಯ ಮೇಲೆ ಕ್ಲೋರಿನ್ ಅಂಕಿ ಎಷ್ಟಿರಬೇಕೋ ಅಷ್ಟಕ್ಕೇ ಬಂದು ನಿಂತಿತು. ಆ ಸಂಜೆ ಅತ್ತಿಗೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅದನ್ನು ನಮ್ಮಿಬ್ಬರಿಗೂ ಹೇಳಿದರು. ಅವರು ತಾವಾಗಿ ಅಷ್ಟು ಮಾತಾಡಿದ್ದನ್ನು ಕೇಳಿ ಅಣ್ಣ ಆ ಉಬ್ಬಸದಲ್ಲೂ, ಇವತ್ತು ಯಾವ ಕಡೆ ಸೂರ್ಯ ಹುಟ್ಟಿದ್ದ ಎಂದು ಕೇಳಿದ.

ಮರುದಿನ ಬೆಳಿಗ್ಗೆ ಅಣ್ಣನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ಮೆಟ್ಟಿಲು ಹತ್ತಲಾಗದೆ ಅವನನ್ನು ಗಾಲಿಕುರ್ಚಿಯಲ್ಲಿ ತಳ್ಳಿದರು. ವಾರ್ಡಿನಲ್ಲಿ ಎಂದಿನ ಹಾಗೆ ಫಿನಾಯಿಲ್ ವಾಸನೆ, ಸಾಲಾಗಿ ಹಾಸಿಗೆಗಳು, ಪ್ರತಿ ಹಾಸಿಗೆಯ ತಲೆಯ ಹತ್ತಿರ ಗುಂಯ್‌ಗುಡುವ ಯಂತ್ರ. ಪಕ್ಕದ ಹಾಸಿಗೆಯಲ್ಲಿ ಟೈಲರ್ ಮಾವ ಆಗಲೇ ಮಲಗಿದ್ದರು. ನಮಗೇನೂ ನೆಂಟರಲ್ಲ, ಅಲ್ಲಿ ಜೊತೆಯಾಗಿ ಮಲಗಿ ಮಲಗಿ ಮಾವ ಆದವರು. ಅವರಿಗೆ ನಮಗಿಂತ ಮೊದಲೇ ಯಂತ್ರ ಹಾಕಿಯಾಗಿತ್ತು. ಟೆಕ್ನಿಷಿಯನ್ ಮೇಡಂ ಅಣ್ಣನ ತೋಳಿಗೆ ಸೂಜಿ ಚುಚ್ಚಿ, ನಳಿಗೆ ಜೋಡಿಸಿ, ಗುಂಡಿ ಒತ್ತಿದರು. ರಕ್ತ ನಳಿಗೆಯಲ್ಲಿ ಹೊರಟಿತು. ನನಗೆ ಜೀವ ಬಂದ ಹಾಗಾಯಿತು. ಆಗ ನನ್ನ ಫೋನು ಬಡಿದುಕೊಂಡಿತು.

"ಪುಟ್ಟಿ, ನಿಮ್ಮಣ್ಣನಿಗೆ ಮಷಿನ್ ಹಾಕಿದ್ರಾ?" ಅತ್ತಿಗೆಯ ದನಿ.

"ಈಗ ತಾನೇ ಹಾಕಿದ್ರು. ಯಾಕೆ ಅತ್ತಿಗೆ?"

"ತೆಗೆಸು. ನೀರಲ್ಲಿ ಕ್ಲೋರಿನ್ ಜಾಸ್ತಿ ಇದೆ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ ಏನು ಅತ್ತಿಗೆ?"

"ನನಗೂ ಖಾತ್ರಿ ಇಲ್ಲ. ಆದ್ರೂ ತೆಗೆಸು."

ಪಂಪ್‌ಹೌಸಿನಲ್ಲಿ ಏನು ನಡೆದಿತ್ತು ಎನ್ನುವುದು ನನಗೆ ಆಮೇಲೆ ತಿಳಿಯಿತು. ಹಲ್ಲು ಕೀಳುವ ಹಾಗೆ ಅವರ ಬಾಯಿಂದ ಒಂದೊಂದೇ ಮಾತು ಹೊರಗೆ ಎಳೆಯಬೇಕಾಯಿತು. ಬೆಳಿಗ್ಗೆ ಅವರು ಹೋಗಿ ನೋಡಿದಾಗ ಪರದೆಯ ಮೇಲಿನ ಅಂಕಿ ಹಿಂದಿನ ಸಂಜೆ ಇದ್ದಲ್ಲೇ ಇತ್ತು. ಸಮಾಧಾನವಾಗಿ, ಅನಿಲದ ಸಿಲಿಂಡರು ಇಟ್ಟ ಶೆಡ್ಡಿಗೆ ಹೋದರು. ಸಿಲಿಂಡರು ಒಂದು ಹಳೆಯ ತಕ್ಕಡಿಯ ಮೇಲೆ ಕೂತಿರುತ್ತದೆ. ಆ ತಕ್ಕಡಿಗೂ ಕಂಪ್ಯೂಟರಿಗೂ ಸಂಬಂಧವಿಲ್ಲ, ಬರೀ ಮುಳ್ಳು ತಿರುಗುತ್ತದೆ. ಆ ಮುಳ್ಳು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಒಂದು ರಾತ್ರಿಯಲ್ಲಿ ಖರ್ಚಾಗಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಅನಿಲ ಖರ್ಚಾಗಿತ್ತು. ಎಲ್ಲೋ ಸೋರಿದೆ ಎಂದುಕೊಂಡು ಅಮೋನಿಯದ ಸೀಸೆ ಹಿಡಿದು ಒಂದೊಂದು ಕೀಲಿನ ಬಳಿಯೂ ಓಡಾಡಿದರು. ಸೋರುತ್ತಿದ್ದರೆ ಬಿಳಿ ಹೊಗೆ ಏಳಬೇಕು, ಏಳಲಿಲ್ಲ. ಅಂದರೆ ಅಷ್ಟೂ ಅನಿಲ ನೀರಿಗೇ ಹೋಗಿದೆ. ಅಲ್ಲಿ ಕೆಲಸ ಮಾಡುವವರ ಮೂಗಿಗೆ ಕ್ಲೋರಿನ್ ವಾಸನೆ ಹೊಸದೇನಲ್ಲ, ಗೊತ್ತಾಗುವುದೇ ಇಲ್ಲ.

ಲ್ಯಾಬಿನ ಬೀರುವಿನಲ್ಲಿ ಕೈಯಿಂದ ಪರೀಕ್ಷೆ ಮಾಡುವ ಮಾತ್ರೆಗಳಿದ್ದವು. ಗಾಜಿನ ಕೊಳವೆಗೆ ನೀರು ಹಾಕಿ ಮಾತ್ರೆ ಹಾಕಿದರೆ ತಿಳಿ ಗುಲಾಬಿ ಬಣ್ಣ ಬರಬೇಕು. ಮೀಟರು ಬಂದ ಮೇಲೆ ಆ ಪರೀಕ್ಷೆ ಹೆಸರಿಗೆ ಮಾತ್ರ ಉಳಿದಿತ್ತು, ಎಲ್ಲರೂ ಪರದೆ ನೋಡಿಯೇ ಅಂಕಿ ಬರೆದುಕೊಳ್ಳುತ್ತಿದ್ದರು. ಅತ್ತಿಗೆ ಮಾತ್ರೆ ಹಾಕಿದರು. ನೀರು ಬೀಟ್‌ರೂಟ್ ರಸದ ಹಾಗಾಯಿತು.

ಇಂಜಿನಿಯರಿಗೆ ಫೋನು ಮಾಡಿದರು. ಪರದೆ ಏನು ಹೇಳುತ್ತದೆ ಎಂದು ಅವರು ಕೇಳಿದರು. ಸರಿಯಾಗಿಯೇ ಇದೆ ಎಂದು ಇವರು ಹೇಳಬೇಕಾಯಿತು. ಮತ್ತೆ ಇನ್ನೇನು, ಆ ಮಾತ್ರೆಗಳು ಯಾವ ಕಾಲದವೋ, ಅವಧಿ ಮುಗಿದಿರುತ್ತವೆ, ತಕ್ಕಡಿಗೂ ತುಕ್ಕು ಹಿಡಿದಿದೆ, ಸುಮ್ಮನೆ ಊರನ್ನು ಗಾಬರಿಪಡಿಸಬೇಡಿ, ನಾನು ಬರುವವರೆಗೂ ಏನನ್ನೂ ಮುಟ್ಟಬೇಡಿ ಎಂದರಂತೆ. ಅವರ ಮಾತನ್ನು ತಳ್ಳಿಹಾಕುವ ಹಾಗೂ ಇರಲಿಲ್ಲ. ಮಾತ್ರೆಗಳ ಅವಧಿ ನಿಜಕ್ಕೂ ಮುಗಿದಿತ್ತು. ಅತ್ತಿಗೆ ಹೇಳಿದ್ದು ತಪ್ಪಾದರೆ ಡಯಾಲಿಸಿಸ್ ವಿನಾಕಾರಣ ನಿಲ್ಲುತ್ತದೆ, ಉಸಿರಿಗೆ ಒದ್ದಾಡುತ್ತಿರುವ ಗಂಡನ ಸರದಿ ಎರಡನೇ ಸಲ ತಪ್ಪುತ್ತದೆ. ಹೇಳಿದ್ದು ನಿಜವಾಗಿ, ಸುಮ್ಮನಿದ್ದುಬಿಟ್ಟರೆ ಅವನ ರಕ್ತವೇ ಒಡೆಯುತ್ತದೆ. ಎರಡೂ ಕಡೆ ಅವನೇ. ಅತ್ತಿಗೆ ಮೊದಲು ನನಗೆ ಫೋನು ಮಾಡಿ, ಆಮೇಲೆ ಊರಿಗೆ ನೀರು ಹೋಗುವ ಪೈಪನ್ನು ಮುಚ್ಚುವ ದೊಡ್ಡ ಗಾಲಿಯನ್ನು ಮೈಭಾರವೆಲ್ಲ ಹಾಕಿ ತಿರುಗಿಸತೊಡಗಿದರು. ಮುಟ್ಟಬೇಡಿ ಎಂದಿದ್ದನ್ನೇ ಮುಟ್ಟಿದರು.

ಇತ್ತ ವಾರ್ಡಿನಲ್ಲಿ ನಾನು ಟೆಕ್ನಿಷಿಯನ್ ಮೇಡಂಗೆ ವಿಷಯ ಹೇಳಿದೆ. ಬೆಳಿಗ್ಗೆ ಬಂದ ತಕ್ಷಣ ನೀರು ಪರೀಕ್ಷೆ ಮಾಡಿದ್ದೇನೆ, ಚೆನ್ನಾಗಿದೆ, ಫಿಲ್ಟರೂ ಇದೆ ಎಂದು ಅವರು ಹೇಳಿದರು. ಅವರು ಪರೀಕ್ಷೆ ಮಾಡಿದ್ದು ಆಸ್ಪತ್ರೆಯ ಟ್ಯಾಂಕಿನಲ್ಲಿದ್ದ ಹಿಂದಿನ ದಿನದ ನೀರು. ಹೊಸ ನೀರು ಅದಾದ ಮೇಲೆ ಬಂದು ತುಂಬಿಕೊಂಡಿತ್ತು. ಅದು ನಮಗಿಬ್ಬರಿಗೂ ಆಗ ಹೊಳೆಯಲಿಲ್ಲ. ಈ ಸ್ಥಿತಿಯಲ್ಲಿ ಇವರನ್ನು ಯಂತ್ರದಿಂದ ತೆಗೆದರೆ ಸಂಜೆಯೊಳಗೆ ಐಸಿಯು ಸೇರುತ್ತಾರೆ, ಫೋನು ಮಾಡಿದವರು ಇಂಜಿನಿಯರಾ ಎಂದು ಮೇಡಂ ಕೇಳಿದರು. ಅಲ್ಲ, ನಮ್ಮ ಅತ್ತಿಗೆ ಎಂದೆ. ಹಾಗೆನ್ನುವಾಗ ನನಗೇ ನಾಚಿಕೆಯಾಯಿತು. ಬೀಗ ಎಳೆದೆಳೆದು ನೋಡುವ ಅತ್ತಿಗೆಗೆ ಏನೋ ಅನುಮಾನ ಬಂದಿದೆ ಎಂದು ಅಣ್ಣನ ಉಸಿರು ನಿಲ್ಲಿಸುವುದೇ? ಒಂದು ಗಳಿಗೆ ನಾನು ಸುಮ್ಮನಿದ್ದುಬಿಡೋಣ ಎಂದುಕೊಂಡೆ.

ಕಣ್ಣು ಮುಚ್ಚಿ ಮಲಗಿದ್ದ ಅಣ್ಣ ಕಣ್ಣು ಬಿಟ್ಟ. ಯಾರು ಹೇಳಿದ್ದು ಎಂದು ಕೇಳಿದ. ಅತ್ತಿಗೆ ಎಂದೆ.

"ತೆಗೀರಿ," ಎಂದ ಮೇಡಂಗೆ.

ಮೇಡಂ ಏನೋ ಹೇಳಲು ಬಾಯಿ ತೆರೆದರು.

"ನನ್ನ ಕೈ, ನಾನು ಹೇಳ್ತಿದ್ದೀನಿ. ತೆಗೀರಿ." ಮಾತು ಮಾತಿಗೂ ನಡುವೆ ಅವನು ಉಸಿರು ಎಳೆದುಕೊಳ್ಳಬೇಕಾಗಿತ್ತು. ಹಾಗೆ ಹೇಳಿ, ಇನ್ನೊಂದು ಕೈಯಿಂದ ತಾನೇ ನಳಿಗೆಗೆ ಕೈ ಹಾಕಲು ಹೋದ.

ಮೇಡಂ ಯಂತ್ರ ನಿಲ್ಲಿಸಿ, ನಳಿಗೆಗೆ ಕ್ಲಿಪ್ಪು ಹಾಕಿದರು. ಅವರ ಮುಖ ಬಿಗಿದುಕೊಂಡಿತ್ತು. ಗೊಣಗುತ್ತಲೇ ಹೋಗಿ, ಫಿಲ್ಟರ್ ದಾಟಿ ಬಂದ ನೀರಿಗೆ ಪರೀಕ್ಷೆಯ ಪಟ್ಟಿ ಅದ್ದಿದರು. ಬೆಳ್ಳಗೆ ಇರಬೇಕಾದ ಪಟ್ಟಿಗೆ ಬಣ್ಣ ಏರಿತು. ಹಳೆಯ ಇದ್ದಿಲು ಎಂದಿನ ಕ್ಲೋರಿನನ್ನು ತಡೆಯುತ್ತಿತ್ತು, ಇಷ್ಟೊಂದನ್ನು ತಡೆಯುವ ಶಕ್ತಿ ಅದಕ್ಕೆ ಇರಲಿಲ್ಲ. ಆಮೇಲೆ ಮೇಡಂ ಗೊಣಗಲಿಲ್ಲ, ಓಡಿದರು. ಒಂದೊಂದಾಗಿ ಯಂತ್ರಗಳು ನಿಂತವು. ಟೈಲರ್ ಮಾವ ಆಗಲೇ ಬೆನ್ನು ನೋವು, ಎದೆ ಹಿಡಿದ ಹಾಗಾಗುತ್ತಿದೆ ಎಂದು ಬೆವರುತ್ತಿದ್ದರು. ಅವರ ಹೆಂಡತಿ ಸೆರಗಿನಲ್ಲಿ ಅವರ ಹಣೆ ಒರೆಸುತ್ತ, ಏನಾಯ್ತು ಏನಾಯ್ತು ಎಂದು ನಮ್ಮೆಲ್ಲರ ಮುಖ ನೋಡುತ್ತಿದ್ದರು. ಡಾಕ್ಟರು ಓಡಿ ಬಂದರು. ಟೈಲರ್ ಮಾವನನ್ನು ಹಾಸಿಗೆ ಸಮೇತ ತಳ್ಳಿಕೊಂಡು ಹೋದರು.

ಅಣ್ಣನಿಗೆ ಏನೂ ಆಗಿರಲಿಲ್ಲ. ಅವನ ನಳಿಗೆಯಲ್ಲಿ ರಕ್ತ ಹರಿಯಲು ಶುರುವಾಗಿತ್ತಷ್ಟೆ. ಆದರೆ ಸರದಿ ತಪ್ಪಿ ಅವನ ಎದೆಯೊಳಗೆ ತುಂಬಿಕೊಂಡಿದ್ದ ನೀರು ಹಾಗೇ ಇತ್ತು. ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿ ಕೂರಿಸಿದರು. ಬೇರೆ ಆಸ್ಪತ್ರೆಗೆ ಕಳಿಸೋಣವೆಂದರೆ ಅಷ್ಟು ದೂರ ಇವನು ತಡೆಯುವುದು ಅನುಮಾನ ಎಂದರು ಡಾಕ್ಟರು. ಟ್ಯಾಂಕರಿನಲ್ಲಿ ಬೇರೆ ಊರಿನ ನೀರು ತರಿಸಲು ಹೇಳಿದ್ದರು, ಅದು ಬರುವುದು ಮಧ್ಯಾಹ್ನ ಕಳೆದ ಮೇಲೆ. ಉಳಿದದ್ದು ಪಂಪ್‌ಹೌಸಿನ ನೀರೊಂದೇ. ಅಲ್ಲಿ ಅತ್ತಿಗೆ ಅದನ್ನು ಸರಿಮಾಡಿ ಕಳಿಸಬೇಕು, ಇಲ್ಲಿ ಇವನು ಅಲ್ಲಿಯವರೆಗೆ ಉಸಿರು ಹಿಡಿದುಕೊಂಡಿರಬೇಕು.

ಪಂಪ್‌ಹೌಸಿಗೆ ಇಂಜಿನಿಯರು ಕೆಂಡಾಮಂಡಲವಾಗಿ ಬಂದಿದ್ದರು. ಯಾರನ್ನು ಕೇಳಿ ನೀರು ನಿಲ್ಲಿಸಿದಿರಿ ಎಂದು ಕೂಗಾಡುತ್ತಿರುವಾಗಲೇ ಆಸ್ಪತ್ರೆಯಿಂದ ಅವರಿಗೆ ಫೋನು ಬಂತು. ಫೋನು ಇಟ್ಟ ಮೇಲೆ ಅವರ ಕೂಗಾಟ ನಿಂತಿತು. ಪರದೆ ಸರಿಯಾಗಿಯೇ ಇದೆಯಲ್ಲ ಎಂದು ಅದನ್ನೇ ನೋಡುತ್ತ ನಿಂತರಂತೆ. ಅತ್ತಿಗೆ ಕಂಪ್ಯೂಟರಿನ ಮುಂದೆ ಕೂತಿದ್ದರು.

ಅಲ್ಲಿ ನಡೆದದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ, ಕಂಪ್ಯೂಟರು ಬಲ್ಲವರು ನಗಬೇಡಿ. ಸಿ ಭಾಷೆಯ ಪ್ರೋಗ್ರಾಮು ಎಲ್ಲ ಕೆಲಸವನ್ನೂ ತಾನೇ ಮಾಡುವುದಿಲ್ಲ. ಮೀಟರಿನ ಅಂಕಿ ಓದಿ ಕೊಡುವ ಕೆಲಸವನ್ನು ಮೀಟರಿನ ಕಂಪನಿಯವರೇ ಬರೆದು ಒಂದು ಲೈಬ್ರರಿ ಮಾಡಿ ಕೊಟ್ಟಿರುತ್ತಾರೆ. ಕಂಪೈಲ್ ಮಾಡುವಾಗ ಕಂಪ್ಯೂಟರು, ಅಂಥ ಕೆಲಸದವನೊಬ್ಬ ಇದ್ದಾನೆ ಎಂದು ನಂಬಿಕೊಂಡು ಮುಂದೆ ಹೋಗುತ್ತದೆ. ಆ ಕೆಲಸದವನನ್ನು ಹುಡುಕಿ ತಂದು ಜೋಡಿಸುವವನು ಲಿಂಕರ್. ಅವನಿಗೆ ಎರಡು ವಿಷಯ ಹೇಳಬೇಕು. ಯಾವ ಫೋಲ್ಡರಿನಲ್ಲಿ ಹುಡುಕಬೇಕು, ಯಾವ ಹೆಸರಿನ ಲೈಬ್ರರಿ ತರಬೇಕು. ಅತ್ತಿಗೆ ಎರಡನ್ನೂ ಹೇಳಿದ್ದರು. ಆದರೆ ಹೊಸ ಕಂಪ್ಯೂಟರಿನಲ್ಲಿ ಅವರ ಫೋಲ್ಡರು ಹಳೆಯ ಜಾಗದಲ್ಲಿರಲಿಲ್ಲ. ಅಂಥ ಫೋಲ್ಡರೇ ಇಲ್ಲವಲ್ಲ ಎಂದು ಲಿಂಕರ್ ಹೇಳಬಹುದಿತ್ತು, ಹೇಳುವುದಿಲ್ಲವಂತೆ, ಸುಮ್ಮನೆ ಮುಂದೆ ಹೋಗುತ್ತಾನಂತೆ. ಕಂಪ್ಯೂಟರಿನ ಸ್ವಂತ ಫೋಲ್ಡರುಗಳಲ್ಲಿ ಹುಡುಕಿದ. ಅಲ್ಲಿ ಅದೇ ಕಂಪನಿಯ, ಅದೇ ಹೆಸರಿನ ಲೈಬ್ರರಿಯ ಹೊಸ ಆವೃತ್ತಿ ಇತ್ತು. ಕಂಪನಿಯವರು ತಮ್ಮ ಹೊಸ ಮೀಟರುಗಳಿಗಾಗಿ ಮಾಡಿದ್ದು. ಅದನ್ನೇ ಎತ್ತಿ ಜೋಡಿಸಿದ. ನಮ್ಮ ಅಂಚೆ ಕಚೇರಿಗೂ ಇಂಥ ಕಾಗದಗಳು ಬರುತ್ತವೆ, ಬೀದಿಯ ಹೆಸರು ತಪ್ಪಿ ಮನುಷ್ಯನ ಹೆಸರು ಮಾತ್ರ ಸರಿಯಾಗಿರುವಂಥವು. ಹೊಸ ಪೋಸ್ಟ್‌ಮ್ಯಾನ್ ಆದರೆ ಆ ಹೆಸರಿನವನು ಮೊದಲು ಎಲ್ಲಿ ಸಿಕ್ಕುತ್ತಾನೋ ಅಲ್ಲಿ ಕೊಟ್ಟು ಬರುತ್ತಾನೆ.

ಹೊಸ ಲೈಬ್ರರಿಯ ಅಳತೆ ಬೇರೆ. ಹಳೆಯ ಮೀಟರಿನಿಂದ ಬಂದ ಅಂಕಿಯನ್ನು ಅದು ಕಾಲು ಭಾಗ ಮಾಡಿ ಹೇಳುತ್ತಿತ್ತು. ನೀರಿನಲ್ಲಿ ನಾಲ್ಕಿದ್ದರೆ ಪರದೆಗೆ ಒಂದು. ಪ್ರೋಗ್ರಾಮು ಪಾಪ, ಕಡಿಮೆಯಿದೆ ಕಡಿಮೆಯಿದೆ ಎಂದುಕೊಂಡು ವಾಲ್ವನ್ನು ತೆರೆಯುತ್ತಲೇ ಹೋಯಿತು. ಪರದೆಯ ಅಂಕಿ ಸರಿಯಾಗಿ ಬರುವವರೆಗೂ ತೆರೆಯಿತು. ಪರದೆ ಸರಿಯಾದಾಗ ನೀರಿನಲ್ಲಿ ನಾಲ್ಕು ಪಟ್ಟು ಕ್ಲೋರಿನ್ ಸೇರಿತ್ತು. ತಮ್ಮ ಪ್ರೋಗ್ರಾಮು ಯಾವ ಲೈಬ್ರರಿ ಹಿಡಿದುಕೊಂಡು ಓಡುತ್ತಿದೆ ಎಂದು ತೋರಿಸುವ ಕಮಾಂಡೊಂದನ್ನು ಅತ್ತಿಗೆ ಕೊಟ್ಟಾಗ, ಅವರದಲ್ಲದ ಫೋಲ್ಡರಿನ ಹೆಸರು ಪರದೆಯ ಮೇಲೆ ಬಂತು. ಇಷ್ಟು ಹೊತ್ತು ಮಾತ್ರೆ ಹಳೆಯದಾಗಿರಲಿ, ತಕ್ಕಡಿ ಕೆಟ್ಟಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ ಎಂದು ನನಗೆ ಹೇಳಿದರು. ಇನ್ನು ಬೇಡಿಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ.

ಈ ಸಲ ಅವರು ಲಿಂಕರಿನ ಹುಡುಕಾಟಕ್ಕೇ ಬಿಡಲಿಲ್ಲ. ತಮ್ಮ ಹಳೆಯ ಲೈಬ್ರರಿಯ ಪೂರ್ತಿ ವಿಳಾಸ ಕೊಟ್ಟು, ಅದನ್ನು ಪ್ರೋಗ್ರಾಮಿನೊಳಗೇ ಸೇರಿಸಿ ಹೊಲಿದುಬಿಡಲು ಹೇಳಿದರು. ಕಮಾಂಡು ಕೊಟ್ಟರೆ ಪರದೆ ತುಂಬ ತಪ್ಪುಗಳು ಉದುರಿದವು. ಅನ್‌ಡಿಫೈನ್ಡ್ ರೆಫರೆನ್ಸ್, ಅನ್‌ಡಿಫೈನ್ಡ್ ರೆಫರೆನ್ಸ್, ಸಾಲಿಗೆ ಸಾಲು ಅದೇ. ಅಂದರೆ ನೀವು ಕರೆದ ಕೆಲಸದವನು ಎಲ್ಲೂ ಸಿಗಲಿಲ್ಲ ಎಂದು. ಲೈಬ್ರರಿ ಕಣ್ಣೆದುರಿಗೇ ಇದೆ, ವಿಳಾಸ ಸರಿ ಇದೆ, ಆದರೂ ಸಿಗಲಿಲ್ಲ ಎನ್ನುತ್ತಿದೆ. ಇಂಜಿನಿಯರು ಬೆನ್ನ ಹಿಂದೆ ನಿಂತು, ಆಯಿತಾ, ಎಷ್ಟು ಹೊತ್ತು, ಆಯಿತಾ ಎಂದು ಕೇಳುತ್ತಿದ್ದರು. ಅದೇ ಹೊತ್ತಿಗೆ ನಾನೂ ಫೋನು ಮಾಡಿದೆ. ಅಣ್ಣನ ತುಟಿ ನೀಲಿಗಟ್ಟುತ್ತಿದೆ ಅತ್ತಿಗೆ ಎಂದೆ. ಹೇಳಬಾರದಿತ್ತೇನೋ. ಅವರು ಫೋನು ಇಟ್ಟರು.

ಒಂದೇ ಕಮಾಂಡನ್ನು ಮತ್ತೆ ಮತ್ತೆ ತಪ್ಪಾಗಿ ಒತ್ತಿದರಂತೆ. ಆಮೇಲೆ ಕುರ್ಚಿಯಿಂದ ಎದ್ದು, ಕಿಟಕಿಯ ಹತ್ತಿರ ಹೋಗಿ, ಸರಳು ಹಿಡಿದು ನಿಂತರು. ಇಂಜಿನಿಯರಿಗೆ ತಲೆ ಕೆಟ್ಟು ಹೋಯಿತು. ಇದೇನಮ್ಮಾ, ಈಗ ಕಿಟಕಿ ನೋಡುತ್ತಾ ನಿಂತಿದ್ದೀರಲ್ಲ ಎಂದರು. ಅತ್ತಿಗೆ ಕಿವಿಗೆ ಹಾಕಿಕೊಳ್ಳಲಿಲ್ಲ. ತಾವೇ ತರಗತಿಯಲ್ಲಿ ನೂರಾರು ಮಕ್ಕಳಿಗೆ ಹೇಳಿಕೊಟ್ಟ ಮಾತು ಅವರಿಗೆ ಅಲ್ಲಿ ನಿಂತಾಗ ನೆನಪಾಯಿತು. ಲಿಂಕರ್ ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತಾನೆ. ಇಂಥ ಲೈಬ್ರರಿಯನ್ನು ಮೊದಲೇ ಮುಂದಿಟ್ಟರೆ, ಇದು ಯಾರಿಗೂ ಬೇಕಿಲ್ಲವಲ್ಲ ಎಂದು ಬಿಟ್ಟು ಮುಂದೆ ಹೋಗುತ್ತಾನೆ, ಹಿಂದಿರುಗಿ ನೋಡುವುದಿಲ್ಲ. ಕೇಳುವವನು ಮೊದಲು ಬರಬೇಕು, ಕೊಡುವವನು ಆಮೇಲೆ. ಗಾಬರಿಯಲ್ಲಿ ಅವರು ಲೈಬ್ರರಿಯನ್ನು ತಮ್ಮ ಪ್ರೋಗ್ರಾಮಿಗಿಂತ ಮುಂದೆ ಬರೆದಿದ್ದರು. ಬಂದು ಕೂತು, ಹಿಂದಕ್ಕೆ ಹಾಕಿದರು. ಪರದೆ ಏನನ್ನೂ ಹೇಳದೆ ಸುಮ್ಮನಾಯಿತು.

ಹಿಂದಿನ ದಿನ ಅದೇ ಮೌನ ಅವರಿಗೆ ಖುಷಿ ಕೊಟ್ಟಿತ್ತು. ಈಗ ಅದನ್ನು ನಂಬಲು ಅವರಿಂದ ಆಗಲಿಲ್ಲ. ಪೈಪಿನಲ್ಲಿದ್ದ ನೀರನ್ನೆಲ್ಲ ಚರಂಡಿಗೆ ಬಿಡಿಸಿ, ಹೊಸ ನೀರು ಹರಿಸಿ, ಅಷ್ಟರಲ್ಲಿ ಇಂಜಿನಿಯರು ತರಿಸಿದ್ದ ಹೊಸ ಮಾತ್ರೆ ಹಾಕಿ ನೋಡಿದರು. ತಿಳಿ ಗುಲಾಬಿ. ಪರದೆಯ ಅಂಕಿಯೂ ಅದನ್ನೇ ಹೇಳಿತು. ಮತ್ತೆ ಹಾಕಿದರು, ಮತ್ತೆ ಅದೇ. ಇಂಜಿನಿಯರು ತಾವೇ ಹೋಗಿ ಗಾಲಿ ತಿರುಗಿಸಿ ಆಸ್ಪತ್ರೆಯ ಕಡೆಗೆ ಮೊದಲು ನೀರು ಬಿಟ್ಟರು.

ವಾರ್ಡಿನಲ್ಲಿ ನಾನು ಅಣ್ಣನ ಬೆನ್ನಿಗೆ ದಿಂಬು ಒತ್ತಿ ಹಿಡಿದು ನಿಂತಿದ್ದೆ. ಅವನ ಬೆನ್ನು ಏರಿ ಇಳಿಯುವುದು ನನ್ನ ಅಂಗೈಗೆ ತಿಳಿಯುತ್ತಿತ್ತು. ಒಂದೊಂದು ಸಲ ಏರಲು ತಡವಾದಾಗ ಬಗ್ಗಿ ಅವನ ಮುಖ ನೋಡುತ್ತಿದ್ದೆ. ಆ ಹೊತ್ತಿಗೆ ಮೇಡಂ ಮೂಲಕ ನನಗೆ ವಿಷಯ ಗೊತ್ತಾಗಿತ್ತು, ತಪ್ಪಾಗಿದ್ದು ಕಂಪ್ಯೂಟರಿನ ಪ್ರೋಗ್ರಾಮಿನಲ್ಲಿ ಎಂದು. ಆ ಪ್ರೋಗ್ರಾಮು ಯಾರದು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮನೆಯ ಬೀಗ ಎಳೆದು ನೋಡುವವರಿಗೆ ಇದನ್ನು ಒಮ್ಮೆ ಎಳೆದು ನೋಡಲು ಏನಾಗಿತ್ತು? ಬರಲಿ, ಎಲ್ಲರ ಎದುರಿಗೇ ಕೇಳುತ್ತೇನೆ ಎಂದು ಮಾತುಗಳನ್ನು ಜೋಡಿಸಿಕೊಂಡು ನಿಂತಿದ್ದೆ.

ಆಸ್ಪತ್ರೆಯ ಟ್ಯಾಂಕು ಬರಿದು ಮಾಡಿ, ತೊಳೆದು, ಹೊಸ ನೀರು ತುಂಬಿಸಿ, ಇದ್ದಿಲೂ ಬದಲಾಯಿಸಿ ಆಗುವಷ್ಟರಲ್ಲಿ ಅತ್ತಿಗೆಯೇ ಬಂದರು. ಪಂಪ್‌ಹೌಸಿನ ರಬ್ಬರ್ ಬೂಟು ಹಾಗೇ ಇತ್ತು, ಕೈಯಲ್ಲಿ ಗಾಜಿನ ಕೊಳವೆ ಮತ್ತು ಮಾತ್ರೆಯ ಪೊಟ್ಟಣ. ಗಂಡನನ್ನು ದೂರದಿಂದ ಒಮ್ಮೆ ನೋಡಿದರು. ಹತ್ತಿರ ಬರಲಿಲ್ಲ. ಬೇರೆ ಯಾರಿಗಾದರೂ ಏನಾದರೂ ಆಯಿತಾ ಎಂದು ಮೇಡಂ ಹತ್ತಿರ ಕೇಳಿದರು. ಟೈಲರ್ ಮಾವನ ವಿಷಯ ಹೇಳಿದಾಗ ಅವರನ್ನು ಮಲಗಿಸಿದ್ದ ವಾರ್ಡಿಗೆ ಹೋದರು. ಅತ್ತಿಗೆ ಏನೇನೋ ಹೇಳಿ ಕೆಲಸ ಕಳೆದುಕೊಂಡಾರೆಂದು ಹೆದರಿ ನಾನೂ ಬಾಗಿಲವರೆಗೆ ಓಡಿದೆ. ಟೈಲರ್ ಮಾವನಿಗೆ ರಕ್ತ ಕೊಡುತ್ತಿದ್ದರು, ಜೀವಕ್ಕೆ ಭಯವಿಲ್ಲ ಎಂದಿದ್ದರು. ಅತ್ತಿಗೆ ಅವರ ಹೆಂಡತಿಯ ಮುಂದೆ ನಿಂತು, ಆ ನೀರು ನಾನು ಬಿಟ್ಟಿದ್ದು ಎಂದರು. ಆ ಹೆಂಗಸು ಬಯ್ಯಲಿಲ್ಲ, ಅಳಲೂ ಇಲ್ಲ. ನೀವು ಇಲ್ಲಿಂದ ಹೋಗಿ ಎಂದು ಮುಖ ತಿರುಗಿಸಿಕೊಂಡರು.

ತಿರುಗಿ ಬಂದ ಅತ್ತಿಗೆ ನಲ್ಲಿಯ ನೀರು ಹಿಡಿದು ಮಾತ್ರೆ ಹಾಕಿದರು, ತಿಳಿ ಗುಲಾಬಿ ಬಂತು. ಫಿಲ್ಟರ್ ದಾಟಿದ ನೀರಿಗೂ ಹಾಕಿದರು, ಬಣ್ಣ ಬರಲಿಲ್ಲ. ಮೇಡಂ ತಮ್ಮ ಪಟ್ಟಿ ಅದ್ದಿ ನೋಡಿದರು, ಅದೂ ಬೆಳ್ಳಗೇ ಉಳಿಯಿತು. ಡಾಕ್ಟರು ಶುರು ಮಾಡಿ ಎಂದು ಹೇಳಿ ಹೋದರು. ಮೇಡಂ ಸೂಜಿ ಹಿಡಿದುಕೊಂಡು ಬಂದು, ಅತ್ತಿಗೆಯ ಮುಖ ನೋಡಿ ನಿಂತರು.

"ನೀವು ಹೇಳಿ. ಹಾಕಲಾ?"

ಅತ್ತಿಗೆ ಕೈಯಲ್ಲಿದ್ದ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು, ಮತ್ತೆ ನೋಡಿದರು. ಕೊನೆಗೆ ಅಣ್ಣನ ಹಾಸಿಗೆಯ ಅಂಚಿಗೆ ಬಂದು ನಿಂತರು.

"ರೀ, ಇದು ನನ್ನಿಂದಾನೇ ಆಗಿದ್ದು. ಬೇರೆ ಯಾರ ತಪ್ಪೂ ಅಲ್ಲ."

"ಗೊತ್ತು," ಎಂದ ಅಣ್ಣ ಮುಖವಾಡ ಸರಿಸಿ. "ನೀನು ಬರೆದಿದ್ದಲ್ವಾ, ಬೇರೆ ಯಾರು ಮಾಡ್ತಾರೆ."

"ಗೊತ್ತಿದ್ದೂ ನನ್ನ ಮಾತು ಕೇಳಿ ತೆಗೆಸಿದ್ರಾ?"

ಅಣ್ಣ ಉಸಿರು ಎಳೆದುಕೊಂಡ. "ನೀನು ಹಾಕು ಅಂದ್ರೆ ಹಾಕಿಸ್ಕೊಳ್ತೀನಿ. ಬೇರೆ ಯಾರು ಹೇಳಿದ್ರೂ ಬೇಡ." ಹಾಗೆಂದು ತೋಳು ಚಾಚಿದ.

ಅತ್ತಿಗೆ ಆ ತೋಳನ್ನೇ ನೋಡುತ್ತ ನಿಂತಿದ್ದರು. ಅವರು ಜೀವನದಲ್ಲಿ ಅಳೆದು ಸುರಿದು ಆಡಿದ ಮಾತುಗಳು ಎಷ್ಟೋ ಇವೆ, ಇದೊಂದು ಹೊರಗೆ ಬರಲು ತೆಗೆದುಕೊಂಡಷ್ಟು ಹೊತ್ತು ಯಾವುದೂ ತೆಗೆದುಕೊಂಡಿದ್ದನ್ನು ನಾನು ಕಂಡಿಲ್ಲ.

"ಹಾಕಿ," ಎಂದರು.

ಸೂಜಿ ಚುಚ್ಚುವಾಗ ಅಣ್ಣ ಕಣ್ಣು ಮುಚ್ಚಿಕೊಂಡ. ಅತ್ತಿಗೆ ಮುಚ್ಚಲಿಲ್ಲ. ರಕ್ತ ನಳಿಗೆಯಲ್ಲಿ ಹೋಗಿ, ಯಂತ್ರದೊಳಗೆ ಸುತ್ತಿ, ಮತ್ತೆ ಅವನ ತೋಳಿಗೆ ಬಂದು ಸೇರುವವರೆಗೂ ನೋಡುತ್ತಿದ್ದರು. ಅವನ ಉಸಿರು ನಿಧಾನವಾಗಿ ಸಲೀಸಾಗಿ, ತುಟಿಗೆ ಬಣ್ಣ ಬಂದು, ಅವನು ನಿದ್ದೆ ಹೋದ ಮೇಲೆ ನನ್ನ ಕಡೆ ತಿರುಗಿ ನನ್ನ ಎರಡೂ ಕೈ ಹಿಡಿದುಕೊಂಡರು. ಬಯ್ಯಬೇಕೆಂದು ಬೆಳಿಗ್ಗೆಯಿಂದ ಕೂಡಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನನ್ನ ಬಾಯಿಗೆ ಬರಲಿಲ್ಲ. ನಾವಿಬ್ಬರೂ ಅವನಿಗೆ ಎಚ್ಚರವಾಗದ ಹಾಗೆ ಅತ್ತೆವು.